ನಿಮಗಿದು ಗೊತ್ತೆ? ತಲೆ ಬುಡಮೇಲು ಮಾಡಿ ಉಣ್ಣುವ ರಾಜಹಂಸ!

ಆಲಮಟ್ಟಿ ಹಿನ್ನೀರಿಗೆ ಬರುವ ರಾಜಹಂಸ (ಫ್ಲೆಮಿಂಗೊ) ಉಣ್ಣುವುದೇ ತಲೆ ಬುಡಮೇಲು ಮಾಡಿಕೊಂಡು! ಉದ್ದನೆಯ ಕತ್ತನ್ನು ಬಾಗಿಸಿ ಕೊಕ್ಕನ್ನು ಕೆಸರು ನೀರಿಗೆ ಇಳಿಸುತ್ತದೆ. ಆಗ ಮೇಲಿನ ಕೊಕ್ಕು ಕೆಳಗೆ, ಕೆಳಗಿನದು ಮೇಲೆ. ದಪ್ಪ ನಾಲಿಗೆ ಸೆಕೆಂಡಿಗೆ ಹಲವು ಬಾರಿ ಹಿಂದೆ ಮುಂದೆ ಆಡಿ ನೀರನ್ನು ಒಳಗೆಳೆದು ಹೊರದೂಡುತ್ತದೆ. ಕೊಕ್ಕಿನ ಒಳ ಅಂಚು ಜರಡಿಯಂತೆ ನೀರನ್ನು ಸೋಸುತ್ತದೆ. ಪಾಚಿ, ಹುಳು, ಸಣ್ಣ ಸಿಗಡಿಗಳು ಒಳಗೇ ಉಳಿಯುತ್ತವೆ.

ಇದರ ಗುಲಾಬಿ ಬಣ್ಣವೂ ಹುಟ್ಟಿನಿಂದ ಬಂದದ್ದಲ್ಲ. ಮರಿಗಳದ್ದು ಬೂದು ಬಣ್ಣ. ಪಾಚಿ, ಸಿಗಡಿಗಳಲ್ಲಿರುವ ಕೆರೊಟಿನಾಯ್ಡ್ ಎಂಬ ವರ್ಣದ್ರವ್ಯ ಗರಿಗೆ ಸೇರಿ, ಬೆಳೆಯುತ್ತ ಹೋದಂತೆ ಗುಲಾಬಿ ರಂಗು ಏರುತ್ತದೆ. ಮರಿಗೆ ಮೊದಲ ಊಟ ತಂದೆ ತಾಯಿಯ ಗಂಟಲಲ್ಲಿ ಒಸರುವ ಕೆಂಪು 'ಹಾಲು'. ಇದನ್ನು ಗಂಡು ಹಕ್ಕಿಯೂ ಉಣಿಸುತ್ತದೆ. ಮರಿ ಸಾಕುವ ದಿನಗಳಲ್ಲಿ ಹೆತ್ತವರ ಬಣ್ಣವೇ ಮಾಸುತ್ತದೆ!

ಬೇಸಿಗೆಯಲ್ಲಿ ಕೃಷ್ಣೆಯ ಹಿನ್ನೀರು ಇಳಿದು ಕೆಸರು ತೆರೆದುಕೊಂಡಾಗ ಇವುಗಳ ಊಟಕ್ಕೆ ಅನುಕೂಲ. ಬಸವನ ಬಾಗೇವಾಡಿ ಕಡೆಯವರಿಗೆ ಆಲಮಟ್ಟಿ ದೂರವೇನಲ್ಲ. ಬೆಳಗಿನ ಹೊತ್ತು ಬೈನಾಕ್ಯುಲರ್ ಹಿಡಿದು ದಡದಲ್ಲೇ ನಿಂತು ನೋಡಿ. ಹತ್ತಿರ ಹೋಗಿ ಎಬ್ಬಿಸಬೇಡಿ. ಬೆದರಿ ಹಾರಿದ ಹಿಂಡಿಗೆ ಆ ಹೊತ್ತಿನ ಊಟ ತಪ್ಪುತ್ತದೆ.