ಎರೆ ನೆಲದ ಪರೀಕ್ಷೆ

ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿ ಹಿಡಿದು ಕಮಲಾಪುರಕ್ಕೆ ಹೊರಟವರಿಗೆ ಒಂದೇ ದಾರಿಯಲ್ಲಿ ಎರಡು ಬಗೆಯ ನೆಲದ ದರ್ಶನವಾಗುತ್ತದೆ. ನಗರದ ಸುತ್ತ ಕಣ್ಣು ಹರಿಯುವಷ್ಟು ದೂರ ತೊಗರಿ ಬೆಳೆಯುವ ಕಪ್ಪು ಎರೆಭೂಮಿ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಗೆ ಏರಿಳಿತದ ಸೀಮೆ, ಅಲ್ಲಲ್ಲಿ ಕೆಂಪು ಮಣ್ಣು. ಡಾಂಬರಿನ ಮೇಲೆ ಎಲ್ಲ ಮೋಟಾರುಗಳೂ ಸಮಾನವೇ. ಹೊಲದ ದಾರಿಗೆ ಇಳಿದಾಗಲೇ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವನ್ನು ಹಾಯಿಸುವ ವಾಹನಗಳ ನಿಜವಾದ ಯೋಗ್ಯತೆ ಹೊರಬೀಳುವುದು. ಅಲ್ಲಿ ಅಜ್ಜನ ಕಾಲದ ಜೀಪು ಮೇಲೋ, ಇಂದಿನ ವೈಭವದ ಗಾಡಿ ಮೇಲೋ?

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಕಂಪನಿ 1941ರಿಂದ ತಯಾರಿಸಿದ ಜೀಪಿನ ಶಕ್ತಿ 60 ಅಶ್ವಬಲ. ತೂಕ ಒಂದು ಟನ್ನಿಗಿಂತ ತುಸು ಹೆಚ್ಚು. ಅಂಥ ಜೀಪುಗಳನ್ನು ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ನಮ್ಮಲ್ಲಿಯೇ ಜೋಡಿಸತೊಡಗಿತು. ಮುಂದಿನ ಚಕ್ರಗಳಿಗೆ ಬಲ ಕೂಡಿಸಲು ಒಂದು ಹಿಡಿಕೆ, ನಿಧಾನದ ಗೇರಿಗೆ ಮತ್ತೊಂದು. ಉಳಿದುದೆಲ್ಲ ಚಾಲಕನ ಜಾಣ್ಮೆ.

ಆದರೆ ಅದಕ್ಕೊಂದು ಕೊರತೆಯಿತ್ತು. ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಿಂದ ಸುತ್ತಲೆಂದು ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯಿರುತ್ತದೆ. ಒಂದು ಚಕ್ರ ಜಾರಿತೆಂದರೆ ಅದೊಂದೇ ಗಿರ್ರನೆ ತಿರುಗುತ್ತದೆ. ನೆಲ ಕಚ್ಚಿದ ಚಕ್ರ ಕದಲದೆ ನಿಲ್ಲುತ್ತದೆ. ಇಂದಿನ ಗಾಡಿಗಳಲ್ಲಾದರೋ ಕಂಪ್ಯೂಟರು ಜಾರುವ ಚಕ್ರಕ್ಕೆ ಕ್ಷಣಾರ್ಧದಲ್ಲಿ ಬ್ರೇಕು ಹಾಕಿ, ಬಲವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಲ್ಯಾಂಡ್ ರೋವರ್ ಕಂಪನಿ 2004ರಲ್ಲಿ, ಮರಳು, ಕೆಸರು, ಕಲ್ಲು ಎಂದು ಗುಂಡಿಯೊಂದನ್ನು ತಿರುಗಿಸಿದರೆ ಗಾಡಿಯೇ ಹೊಂದಿಕೊಳ್ಳುವ ಏರ್ಪಾಡನ್ನು ತಂದಿತು. ಆದ್ದರಿಂದ ಕಮಲಾಪುರದ ಕಡೆಯ ಕಲ್ಲುದಿಣ್ಣೆಗಳನ್ನು ಏರುವಲ್ಲಿ ಹೊಸದೇ ಮೇಲೆಂದು ಒಪ್ಪಬೇಕು.

ಎರೆಮಣ್ಣಿನ ಮಾತು ಬೇರೆ. ಒಣಗಿದರೆ ಬಿರಿಯುವ, ನೀರುಂಡರೆ ಉಬ್ಬುವ ಈ ಜಿಗುಟು ಮಣ್ಣು, ಮಳೆ ಬಿದ್ದೊಡನೆ ಟೈರಿನ ಗೀರುಗಳಲ್ಲೆಲ್ಲ ತುಂಬಿಕೊಂಡು ಚಕ್ರವನ್ನು ನುಣುಪಾದ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಇದ್ದ ಹಿಡಿತವನ್ನು ಕಂಪ್ಯೂಟರು ನಾಲ್ಕು ಚಕ್ರಗಳಿಗೆ ಹಂಚಬಲ್ಲದೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು. ಮೇಲಾಗಿ ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ಇಂದಿನ ರೇಂಜ್ ರೋವರಿನ ತೂಕ ಎರಡೂವರೆ ಟನ್ನಿನ ಆಸುಪಾಸು. ನಗರದ ಅಂದಕ್ಕಾಗಿ ತೊಡಿಸಿದ ದೊಡ್ಡ ಚಕ್ರ, ತೆಳುವಾದ ಟೈರುಗಳಾದರೆ, ಗಾಳಿ ಇಳಿಸಿ ನೆಲದ ಮೇಲಿನ ಒತ್ತಡವನ್ನು ತಗ್ಗಿಸುವ ಹಳೆಯ ಉಪಾಯಕ್ಕೂ ಹೆಚ್ಚು ಅವಕಾಶವಿಲ್ಲ. ಹೂತ ಜೀಪನ್ನು ನಾಲ್ಕು ಜನ ನೂಕಿ ಎತ್ತಿಯಾರು. ಇದಕ್ಕೆ ಟ್ರ್ಯಾಕ್ಟರೇ ಬರಬೇಕು.

ಇದು ಬರಿಯ ವಿನೋದದ ಚರ್ಚೆಯಲ್ಲ. ಭೀಮೆ ಉಕ್ಕಿ ಹರಿದ 2020ರ ಅಕ್ಟೋಬರನ್ನು ಈ ಜಿಲ್ಲೆ ಮರೆತಿಲ್ಲ. ಹಳೆಯ ಡಿಫೆಂಡರ್ 50 ಸೆಂಟಿಮೀಟರು ಆಳದ ನೀರನ್ನು ದಾಟಬಲ್ಲದಾದರೆ, ಹೊಸದು 90 ಸೆಂಟಿಮೀಟರು ದಾಟಬಲ್ಲದೆಂದು ಕಂಪನಿ ಹೇಳುತ್ತದೆ. ಅದು ನೀರಿನ ಆಳದ ಲೆಕ್ಕವೇ ಹೊರತು ಸೆಳವಿನ ಲೆಕ್ಕವಲ್ಲ. ರಭಸದಿಂದ ಹರಿಯುವ 60 ಸೆಂಟಿಮೀಟರು ನೀರು ದೊಡ್ಡ ಗಾಡಿಯನ್ನೂ ತೇಲಿಸಿಕೊಂಡು ಹೋಗಬಲ್ಲದು. ಹೊಸ ಗಾಡಿಯ ಸುಖಾಸನದಲ್ಲಿ ಕುಳಿತವರಿಗೆ ನೆಲದ ಜಾರಿಕೆಯಾಗಲಿ ನೀರಿನ ಸೆಳವಾಗಲಿ ಬೇಗನೆ ತಿಳಿಯದು. ಹಳೆಯ ಜೀಪು ಕುಲುಕಿ, ಜಾರಿ, ಮೊದಲೇ ಎಚ್ಚರಿಸುತ್ತಿತ್ತು.

ಆದ್ದರಿಂದ ಗಾಡಿ ಕೊಳ್ಳುವವರು ಗುಂಡಿಗಳನ್ನು ಎಣಿಸುವ ಮೊದಲು ಟೈರನ್ನು ನೋಡಲಿ, ತೂಕವನ್ನು ಕೇಳಲಿ. ಎರೆ ದಾರಿ ನೆನೆದ ದಿನ ಹೆದ್ದಾರಿಯಲ್ಲೇ ಉಳಿಯಲಿ. ಹಳ್ಳ ತುಂಬಿ ಬಂದರೆ, ಗಾಡಿ ಎಷ್ಟೇ ಬೆಲೆಯದಾಗಿರಲಿ, ಮನೆಮಂದಿಯೊಡನೆ ಇಳಿಯುವವರೆಗೆ ದಡದಲ್ಲಿ ಕಾಯಲಿ.