ನಿಮಗಿದು ಗೊತ್ತೆ? ಸರದಿ ಸಾಲಿಗೂ ಒಂದು ದರವಿದೆ

● ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಜನ ಅತಿ ಉದ್ದದ ಸರದಿ ಕಾಣುವುದು ಜಿಲ್ಲಾ ಕೇಂದ್ರ ಹಾಸನದ ಹಾಸನಾಂಬೆಯ ಸನ್ನಿಧಿಯಲ್ಲಿ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆಯುವ ಗರ್ಭಗುಡಿಯ ಬಾಗಿಲು ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. ಮತ್ತೆ ದರ್ಶನ ಮುಂದಿನ ವರ್ಷವೇ.

● ಇಲ್ಲಿ ಧರ್ಮದರ್ಶನ ಉಚಿತ. ಬೇಗ ಹೋಗಬೇಕೆನ್ನುವವರಿಗೆ 300 ಮತ್ತು 1000 ರೂಪಾಯಿಯ ವಿಶೇಷ ದರ್ಶನದ ಟಿಕೆಟ್‌ಗಳಿವೆ.

● ಬಿಡದಿ ಬಳಿಯ ವಂಡರ್‌ಲಾದಲ್ಲೂ ಹೆಚ್ಚು ಹಣ ಕೊಟ್ಟವರಿಗೆ ಆಟಗಳಲ್ಲಿ ಬೇರೆ ಸಾಲು. ಅದರ ಹೆಸರು ‘ಫಾಸ್ಟ್ ಟ್ರ್ಯಾಕ್’.

● ಅಮೆರಿಕದ ಡಿಸ್ನಿ ಉದ್ಯಾನಗಳು 1999ರಲ್ಲಿ ಆರಂಭಿಸಿದ ‘ಫಾಸ್ಟ್‌ಪಾಸ್’ ಉಚಿತವಾಗಿತ್ತು. ಚೀಟಿಯಲ್ಲಿರುವ ಹೊತ್ತಿಗೆ ಬಂದರೆ ಸಾಕಿತ್ತು. 2021ರಲ್ಲಿ ಅದರ ಜಾಗಕ್ಕೆ ಹಣ ಕೊಡುವ ವ್ಯವಸ್ಥೆ ಬಂತು.

● ತಿರುಮಲದಲ್ಲಿ ಎರಡೂ ಉಂಟು: 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ ಮತ್ತು ಸಮಯ ನಮೂದಿಸಿದ ಉಚಿತ ಸರ್ವದರ್ಶನ ಟೋಕನ್.

● ಟಿಕೆಟ್ ಮಾರಿದ ಮಾತ್ರಕ್ಕೆ ಗಂಟೆಗೆ ಒಳಹೋಗುವವರ ಸಂಖ್ಯೆ ಹೆಚ್ಚುವುದಿಲ್ಲ. ಗರ್ಭಗುಡಿಯ ಬಾಗಿಲು ಒಂದೇ ಆದ್ದರಿಂದ ವಿಶೇಷ ಸಾಲು ಸರಿದಷ್ಟೂ ಉಚಿತ ಸಾಲು ನಿಲ್ಲುತ್ತದೆ. ಸಮಯದ ಟೋಕನ್ ಕೊಟ್ಟರೆ ಕಾಯುವ ಹೊತ್ತನ್ನು ನೆರಳಲ್ಲಿ, ಊಟದಲ್ಲಿ, ವಿಶ್ರಾಂತಿಯಲ್ಲಿ ಕಳೆಯಬಹುದು.

● ಕೈಯಲ್ಲಿ ಕಾಸಿಲ್ಲದ ಅಜ್ಜಿಗೂ, ಕಂಕುಳಲ್ಲಿ ಮಗುವಿರುವ ತಾಯಿಗೂ ಹೆಚ್ಚು ನೆರವಾಗುವುದು ಈ ಉಚಿತ ಟೋಕನ್ನೇ. ಜಾತ್ರೆ, ಉತ್ಸವ ನಡೆಸುವವರು ಮೊದಲು ಯೋಚಿಸಬೇಕಾದದ್ದು ಇದನ್ನು.