ಗುಜರಿಗೆ ಹಾಕೋ ಮುಂಚೆ ಇಂಜಿನ್‌ಗೆ ಎಣ್ಣೆ ಕುಡಿಸಿ!

ವರ್ಷಗಟ್ಟಲೆ ಮಳೆಗೆ ನೆಂದು ನಿಂತ ಹಳೇ ಟಾಟಾ-ಮರ್ಸಿಡಿಸ್ ಲಾರಿಯನ್ನು ಮತ್ತೆ ಓಡಿಸುವಾಸೆಯೇ? ಹಗ್ಗ ಕಟ್ಟಿ ಇನ್ನೊಂದು ಲಾರಿಯಿಂದ ಎಳೆಸೋ ಧೈರ್ಯ ಮಾತ್ರ ಬೇಡ ಸ್ವಾಮಿ. 1954ರಲ್ಲಿ ಜರ್ಮನ್ನರ ಜತೆ ಒಪ್ಪಂದವಾಗಿ ಬಂದ ಈ ಲಾರಿಗಳ ಮೂತಿಯಿಂದ ಮೂರು ಮೂಲೆಯ ನಕ್ಷತ್ರ 1969ರಲ್ಲೇ ಇಳಿಯಿತು. ಒಳಗೇನಾದರೂ ಮುರಿದರೆ ಪೀಣ್ಯದ ಲೇತ್ ಅಂಗಡಿಯವರ ಕಾಲು ಹಿಡಿಯಬೇಕು.

ಜಾಮ್ ಅಂದರೆ ಹೆಚ್ಚಿನ ಪಾಲು ತುಕ್ಕೇ. ಸೈಲೆನ್ಸರ್ ಕೊಳವೆಯಿಂದ ನೀರಿಳಿದು ಪಿಸ್ಟನ್ ರಿಂಗು ಬೋರಿಗೆ ಅಂಟಿರುತ್ತೆ. ನಾಜಲ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಡೀಸೆಲ್ಲು, ತೆಳು ಎಣ್ಣೆ ಬೆರೆಸಿ ಸುರಿಯಿರಿ. ಇಂಗಿದರೆ ಮತ್ತೆ ಸುರಿಯಿರಿ. ವಾರ ಕಳೀಲಿ, ಅವಸರವೇನು? ಆಮೇಲೆ ಗೇರು ನ್ಯೂಟ್ರಲ್ಲಿಗೆ ಹಾಕಿ, ಫ್ಲೈವೀಲಿನ ಹಲ್ಲಿಗೆ ಸಲಾಕೆ ಕೊಟ್ಟು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಸರಿದರೂ ಅರ್ಧ ಗೆದ್ದಂತೆ. ಸುತ್ತಿಗೆ ಎತ್ತೋ ಮೇಸ್ತ್ರಿಗೆ ದೂರದಿಂದಲೇ ನಮಸ್ಕಾರ ಹೇಳಿ.

ತಿರುಗಿತು ಅಂತ ತಕ್ಷಣ ಸೆಲ್ಫ್ ಹೊಡೆದೀರಿ, ಜೋಕೆ! ನಾಜಲ್ ಹಾಕುವ ಮುಂಚೆ ಇಂಜಿನ್ನನ್ನು ಕೈಯಲ್ಲೇ ಸುತ್ತಿಸಿ ಸುರಿದ ಎಣ್ಣೆಯೆಲ್ಲ ಹೊರಚೆಲ್ಲಬೇಕು. ಉಳಿದರೆ ಪಿಸ್ಟನ್ ಅದನ್ನು ಅಮುಕಲಾರದು, ಬಗ್ಗೋದು ಕನೆಕ್ಟಿಂಗ್ ರಾಡು. ಡೀಸೆಲ್ ಸೋರಿ ನೀರಾದ ಚೇಂಬರಿನ ಆಯಿಲನ್ನೂ ಬದಲಿಸಿ, ಇಲ್ಲವಾದರೆ ಬೇರಿಂಗಿಗೆ ಕುತ್ತು. ಇಷ್ಟಾದರೂ ಅಲುಗದಿದ್ದರೆ ಹೆಡ್ ಬಿಚ್ಚಿಸಿ ನೋಡೋದೇ ದಾರಿ.